ಕೆನೆಪದರದ 8 ಲಕ್ಷ: ಯಾರ ಆದಾಯ, ಯಾವ ಆದಾಯ, ಯಾವ ಸರ್ಕಾರದ ಕಾಗದ? (ಮುಂಬೈ, ಪುಣೆ, ಗೋವಾ ಕನ್ನಡಿಗರಿಗೆ)

ಡೊಂಬಿವಲಿ_ಲೋಕಲ್

ಕೆನೆಪದರ ಅಂದರೆ ಕ್ರೀಮಿಲೇಯರ್, ಹಿಂದುಳಿದ ವರ್ಗದಲ್ಲೇ ಮುಂದುವರಿದವರು, ಅವರಿಗೆ ಆ ಮೀಸಲಾತಿ ಸಿಗುವುದಿಲ್ಲ. ಅದರ ಬಗ್ಗೆ ಒಂದು ಮನೆಯ ಲೆಕ್ಕ ಇಡುತ್ತೇನೆ, ತಿಳಿದವರು ಬಿಡಿಸಿ ಹೇಳಿ. ಮೂಲ ಕುಂದಾಪುರ ತಾಲೂಕು, ಜಾತಿ ಮೊಗವೀರ. ತಂದೆಗೆ ಥಾಣೆಯಲ್ಲಿ ಸಣ್ಣ ಹೋಟೆಲು, ಊರಲ್ಲಿ ಒಂದು ಎಕರೆ ಗದ್ದೆ. ತಾಯಿ ಮುನ್ಸಿಪಲ್ ಕನ್ನಡ ಶಾಲೆಯ ಟೀಚರು, ಸಂಬಳವೇ ವರ್ಷಕ್ಕೆ 9 ಲಕ್ಷ ದಾಟುತ್ತದೆ. ಡೊಂಬಿವಲಿಯ ಇನ್ನೊಂದು ಖೋಲಿಯಿಂದ ತಂದೆಗೆ ತಿಂಗಳಿಗೆ 10 ಸಾವಿರ ಬಾಡಿಗೆ. ಮಗಳು ಎಸ್‌ಎಸ್‌ಸಿ ಸಿಜಿಎಲ್ (ಕೇಂದ್ರ ಸರ್ಕಾರದ ಪದವಿ ಮಟ್ಟದ ಹುದ್ದೆಗಳ ಪರೀಕ್ಷೆ) ಬರೆಯಲು ಹೊರಟಿದ್ದಾಳೆ.

ಸೇತು ಕೇಂದ್ರದವರು (ಮಹಾರಾಷ್ಟ್ರ ಸರ್ಕಾರದ ಪ್ರಮಾಣಪತ್ರ ಕೊಡಿಸುವ ಕೇಂದ್ರ) "ಎಲ್ಲ ಕೂಡಿಸಿದರೆ 8 ಲಕ್ಷ ದಾಟಿತಲ್ಲ, ನಿಮಗೆ ನಾನ್ ಕ್ರೀಮಿಲೇಯರ್ (ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರ) ಸಿಗುವುದಿಲ್ಲ" ಎಂದು ಕೈಚೆಲ್ಲಿದ್ದಾರೆ. ಊರಿನವರು "ಮೊಗವೀರರು ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪ್ರವರ್ಗ-1, ನಮಗೆ ಕೆನೆಪದರವೇ ಇಲ್ಲ" ಎನ್ನುತ್ತಾರೆ. ಯಾರ ಮಾತು ಸರಿ?

ಕಡತವಾಸಿ

ಇಬ್ಬರದ್ದೂ ತಪ್ಪು. ಎರಡನೆಯದು ಹೆಚ್ಚು ಅಪಾಯ, ಅದನ್ನೇ ಮೊದಲು ಹೇಳುತ್ತೇನೆ.

ಪ್ರವರ್ಗ-1ಕ್ಕೆ ಕೆನೆಪದರ ಇಲ್ಲ ಎನ್ನುವುದು ಕರ್ನಾಟಕ ಸರ್ಕಾರದ ಹುದ್ದೆಗಳ ಮಟ್ಟಿಗೆ ನಿಜ. 2ಎ, 2ಬಿ, 3ಎ, 3ಬಿ ಇವರಿಗೆ ಮಾತ್ರ ಅಲ್ಲಿ ಆದಾಯದ ಮಿತಿ. ಆದರೆ ಕೇಂದ್ರದಲ್ಲಿ ಪ್ರವರ್ಗ-1, 2ಎ ಎಂಬ ವಿಂಗಡಣೆಯೇ ಇಲ್ಲ. ಅಲ್ಲಿ ಒಂದೇ ಒಬಿಸಿ (ಇತರೆ ಹಿಂದುಳಿದ ವರ್ಗ), 27 ಶೇಕಡ, ಆ ಪಟ್ಟಿಯಲ್ಲಿರುವ ಪ್ರತಿ ಜಾತಿಗೂ ಕೆನೆಪದರದ ನಿಯಮ ಇದೆ. ಇಂದ್ರಾ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1992ರ ನವೆಂಬರ್ 16ರಂದು ಮಂಡಲ್ ಮೀಸಲಾತಿಯನ್ನು ಎತ್ತಿಹಿಡಿದದ್ದೇ ಕೆನೆಪದರವನ್ನು ಹೊರಗಿಡಬೇಕೆಂಬ ಷರತ್ತಿನ ಮೇಲೆ. ಹಾಗಾಗಿ ಊರಿನ ಪ್ರವರ್ಗ-1ರ ಜಾತಿ ಪ್ರಮಾಣಪತ್ರ ಹಿಡಿದು ಎಸ್‌ಎಸ್‌ಸಿ, ರೈಲ್ವೆ, ಬ್ಯಾಂಕಿನ ದಾಖಲೆ ಪರಿಶೀಲನೆಗೆ ಹೋದರೆ ಅಲ್ಲಿಂದಲೇ ವಾಪಸ್. ಕರಾವಳಿಯ ಮೊಗವೀರರ ಮಕ್ಕಳು ಹೀಗೆ ಕೈಗೆ ಬಂದ ಹುದ್ದೆ ಕಳೆದುಕೊಳ್ಳಬಾರದು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಇನ್ನು ಸೇತುವಿನವರ ಕೂಡಿಕೆ. ಕೇಂದ್ರದ ಸಿಬ್ಬಂದಿ ಇಲಾಖೆ 1993ರ ಸೆಪ್ಟೆಂಬರ್ 8ರಂದು ಹೊರಡಿಸಿದ ಆದೇಶದ ಅನುಸೂಚಿಯಲ್ಲಿ ಆರು ವರ್ಗಗಳಿವೆ: ಸಾಂವಿಧಾನಿಕ ಹುದ್ದೆ, ಸರ್ಕಾರಿ ಸೇವೆ, ಸೇನೆ, ವೃತ್ತಿ-ವ್ಯಾಪಾರ, ಆಸ್ತಿ, ಕೊನೆಗೆ ಆದಾಯ-ಸಂಪತ್ತು. 8 ಲಕ್ಷದ ಮಾತು ಬರುವುದು ಮುಖ್ಯವಾಗಿ ಕೊನೆಯದರಲ್ಲಿ, ವ್ಯಾಪಾರ-ವೃತ್ತಿಯವರಿಗೂ ಅದೇ ಅಳತೆ. ಅದರ ಕೆಳಗಿನ ವಿವರಣೆಯಲ್ಲಿ ಸ್ಪಷ್ಟವಾಗಿ ಬರೆದಿದೆ: ಸಂಬಳದ ಆದಾಯ ಮತ್ತು ಕೃಷಿಭೂಮಿಯ ಆದಾಯವನ್ನು ಕೂಡಿಸಬಾರದು.

ತಾಯಿಯ ಸಂಬಳ ಎಷ್ಟೇ ಇರಲಿ, ಆಕೆ ಗ್ರೂಪ್ ಸಿ (ಮೂರನೇ ದರ್ಜೆಯ) ನೌಕರಳಾದರೆ ಆ ಹಣ ಲೆಕ್ಕಕ್ಕೇ ಇಲ್ಲ. ಗಂಡ ವೃತ್ತಿಯಲ್ಲೋ ವ್ಯಾಪಾರದಲ್ಲೋ ಇದ್ದು ಹೆಂಡತಿ ಗ್ರೂಪ್ ಬಿ (ಎರಡನೇ ದರ್ಜೆ) ಅಥವಾ ಕೆಳಗಿನ ಉದ್ಯೋಗದಲ್ಲಿದ್ದರೆ ಗಂಡನ ಆದಾಯ ಮಾತ್ರ ನೋಡಬೇಕು ಎಂದೇ ಅನುಸೂಚಿ ಹೇಳುತ್ತದೆ. ಗದ್ದೆಯ ಹುಟ್ಟುವಳಿಯೂ ಇಲ್ಲ. ಉಳಿದದ್ದು ಎರಡು: ಹೋಟೆಲಿನ ಲಾಭ, ಖೋಲಿಯ ಬಾಡಿಗೆ. ನಿಜವಾದ ಲೆಕ್ಕ ಇರುವುದು ಅಲ್ಲಿ.

ಲೆಕ್ಕಪತ್ರ

ಹೋಟೆಲಿನ ಭಾಗ ನಾನು ಹೇಳುತ್ತೇನೆ, ಮುಂಬೈ ಕನ್ನಡಿಗರಲ್ಲಿ ಅರ್ಧಕ್ಕರ್ಧ ಗೊಂದಲ ಇದರದ್ದೇ.

ವಹಿವಾಟು ಬೇರೆ, ಆದಾಯ ಬೇರೆ. ಗಲ್ಲಾದಲ್ಲಿ ವರ್ಷಕ್ಕೆ 96 ಲಕ್ಷ ಬಿದ್ದರೆ ಅದು ಆದಾಯವಲ್ಲ. ಸಣ್ಣ ಹೋಟೆಲಿನವರು ಹೆಚ್ಚಾಗಿ ಆದಾಯ ತೆರಿಗೆಯ 44ಎಡಿ ಕಲಮಿನಲ್ಲಿ ರಿಟರ್ನ್ ಸಲ್ಲಿಸುತ್ತಾರೆ. ಅದರಲ್ಲಿ ನಗದು ವಹಿವಾಟಿಗೆ ಕನಿಷ್ಠ 8 ಶೇಕಡ, ಯುಪಿಐ, ಕಾರ್ಡು, ಬ್ಯಾಂಕ್ ಮೂಲಕ ಬಂದದ್ದಕ್ಕೆ ಕನಿಷ್ಠ 6 ಶೇಕಡ ಲಾಭ ತೋರಿಸಬೇಕು.

96 ಲಕ್ಷದಲ್ಲಿ ನಗದು 60, ಯುಪಿಐ 36 ಎಂದಿಟ್ಟುಕೊಳ್ಳಿ. 60ಕ್ಕೆ 8 ಶೇಕಡ ಅಂದರೆ 4.80 ಲಕ್ಷ. 36ಕ್ಕೆ 6 ಶೇಕಡ ಅಂದರೆ 2.16 ಲಕ್ಷ. ಕೂಡಿದರೆ 6.96 ಲಕ್ಷ. ಇದಕ್ಕೆ ವರ್ಷದ ಬಾಡಿಗೆ 1.20 ಲಕ್ಷ ಸೇರಿಸಿ: 8.16 ಲಕ್ಷ. ದಾಟಿತು! ಹೋಟೆಲು ಒಂದೇ ಆಗಿದ್ದರೆ ದಾಟುತ್ತಿರಲಿಲ್ಲ, ಖೋಲಿಯ ಬಾಡಿಗೆ ದಾಟಿಸಿತು. ಎಫ್‌ಡಿ ಬಡ್ಡಿಯೂ ಹೀಗೇ ಸೇರುತ್ತದೆ. ವ್ಯಾಪಾರ, ಬಾಡಿಗೆ, ಬಡ್ಡಿ ಒಂದಕ್ಕೊಂದು ಕೂಡುತ್ತವೆ, ಸಂಬಳ ಮತ್ತು ಕೃಷಿ ಮಾತ್ರ ಹೊರಗೆ.

ಪೂರ್ತಿ ನಗದಿನಲ್ಲಿ ಸರಿಯಾಗಿ 1 ಕೋಟಿ ವಹಿವಾಟು ಇದ್ದರೆ 8 ಶೇಕಡ ಎಂದರೆ ಸರಿಯಾಗಿ 8 ಲಕ್ಷ. ಆದೇಶದ ಮಾತು "8 ಲಕ್ಷ ಅಥವಾ ಅದಕ್ಕಿಂತ ಹೆಚ್ಚು" ಎಂದಿದೆ, ಆದ್ದರಿಂದ ಸರಿಯಾಗಿ 8 ಇದ್ದರೂ ಕೆನೆಪದರವೇ.

ಇನ್ನೊಂದು. "ಒಟ್ಟು ವಾರ್ಷಿಕ ಆದಾಯ" ಅಂದರೆ 80ಸಿ ಮುಂತಾದ ಕಡಿತ ಕಳೆಯುವ ಮುಂಚಿನ ಮೊತ್ತ. ಎಲ್‌ಐಸಿ, ಪಿಪಿಎಫ್ ಕಳೆದು 7.5ಕ್ಕೆ ಇಳಿಸಿ ತೋರಿಸುವವರಿದ್ದಾರೆ, ಕಚೇರಿ ಅದನ್ನು ಒಪ್ಪುವುದಿಲ್ಲ. ರಿಟರ್ನಿನಲ್ಲಿ ಒಟ್ಟು ಆದಾಯದ ಎರಡು ಸಾಲು ಇರುತ್ತದೆ, ಕಡಿತಕ್ಕೆ ಮುಂಚಿನದು, ನಂತರದ್ದು. ಮೊದಲನೆಯದನ್ನು ನೋಡಿ.

ಕಡತವಾಸಿ

ಲೆಕ್ಕಪತ್ರದವರ 8.16ರಿಂದ ಯಾರೂ ಗಾಬರಿಯಾಗಬೇಡಿ. ಒಂದು ವರ್ಷ ದಾಟಿದ ಮಾತ್ರಕ್ಕೆ ಕೆನೆಪದರ ಆಗುವುದಿಲ್ಲ. ಸತತ ಮೂರು ವರ್ಷವೂ 8 ಲಕ್ಷ ಅಥವಾ ಹೆಚ್ಚು ಇರಬೇಕು. 2022-23ರಲ್ಲಿ 8.3, 2023-24ರಲ್ಲಿ 7.7, 2024-25ರಲ್ಲಿ 8.16 ಎಂದರೆ ನಡುವಿನ ವರ್ಷ ಕಡಿದುಹೋಯಿತು, ಆ ಮಗಳು ಕೆನೆಪದರಕ್ಕೆ ಬರುವುದಿಲ್ಲ. ಮೂರರ ಸರಾಸರಿ ತೆಗೆಯುವ ಕ್ರಮವೂ ಇಲ್ಲ. ಮೇಲಿನ ಮೂರರ ಸರಾಸರಿ 8 ದಾಟುತ್ತದೆ ನೋಡಿ, ಆದರೂ ಆಕೆ ಅರ್ಹಳೇ. ಕೌಂಟರಿನಲ್ಲಿ ಸರಾಸರಿ ಹಾಕಿ ಅರ್ಜಿ ತಿರಸ್ಕರಿಸಿದರೆ ಬಾಯಿಮಾತಿಗೆ ಹಿಂತಿರುಗಬೇಡಿ, ಕಾರಣ ಬರೆದುಕೊಡಿ ಎಂದು ಕೇಳಿ.

ಮಿತಿ ಬೆಳೆದು ಬಂದದ್ದು ಹೀಗೆ: 1993ರಲ್ಲಿ 1 ಲಕ್ಷ, 2004ರಲ್ಲಿ 2.5 ಲಕ್ಷ, 2008ರಲ್ಲಿ 4.5 ಲಕ್ಷ, 2013ರಲ್ಲಿ 6 ಲಕ್ಷ, 2017ರ ಸೆಪ್ಟೆಂಬರಿನಿಂದ 8 ಲಕ್ಷ.

ಓದುಮನೆ

ಅಣ್ಣ, ಮಗಳೇ ಈಗ ಖಾಸಗಿ ಕೆಲಸದಲ್ಲಿ 10 ಲಕ್ಷ ದುಡಿಯುತ್ತಿದ್ದರೆ? ಅಥವಾ ಮದುವೆಯಾಗಿ ಗಂಡ ದುಡಿಯುತ್ತಿದ್ದರೆ?

ಕಡತವಾಸಿ

ಎರಡೂ ಲೆಕ್ಕಕ್ಕಿಲ್ಲ. ಕೇಂದ್ರದ ಒಬಿಸಿಗೆ ನೋಡುವುದು ತಂದೆ-ತಾಯಿಯ ಸ್ಥಿತಿಯನ್ನು ಮಾತ್ರ. ಅಭ್ಯರ್ಥಿಯ ಸ್ವಂತ ಸಂಬಳವಾಗಲಿ, ಗಂಡ ಅಥವಾ ಹೆಂಡತಿಯ ಸಂಬಳವಾಗಲಿ ಬರುವುದಿಲ್ಲ, ಸಿಬ್ಬಂದಿ ಇಲಾಖೆಯ 2004ರ ಅಕ್ಟೋಬರ್ 14ರ ಸ್ಪಷ್ಟೀಕರಣದಲ್ಲೇ ಇದೆ. ಮದುವೆಯಾದ ಹೆಣ್ಣುಮಕ್ಕಳಿಗೆ ಗಂಡನ ಆದಾಯ ಪತ್ರ ತನ್ನಿ ಎಂದು ಕಚೇರಿಗಳಲ್ಲಿ ಕೇಳುತ್ತಾರೆ. ಕೇಂದ್ರದ ನಮೂನೆಗೆ ಅದು ಬೇಕಿಲ್ಲ, ಬೇಕಾದದ್ದು ತಂದೆ-ತಾಯಿಯದ್ದು. ಜಾತಿಯೂ ತಂದೆಯಿಂದಲೇ.

ಪಿಂಪ್ರಿಗಾಡಿ

ಸರ್ಕಾರಿ ನೌಕರರ ಮಕ್ಕಳದು ಬ್ಯಾರೆ ಲೆಕ್ಕ ಅದ, ಅದನ್ನೂ ಬಿಡಿಸಿ ಹೇಳ್ರಿ. ಇಲ್ಲಿ ಪುಣೆ ಸುತ್ತ ಖಡಕಿ, ದೇಹು ರೋಡ್ ಕಡೆ ಆರ್ಡ್‌ನೆನ್ಸ್ ಫ್ಯಾಕ್ಟರಿ, ರೈಲ್ವೆ, ಬ್ಯಾಂಕು ಅಂತ ನಮ್ಮ ಕಲಬುರಗಿ, ವಿಜಯಪುರದ ಮಂದಿ ಭಾಳ ಇದ್ದಾರ. ಅವರೂ ಸಂಬಳ ಎಷ್ಟು ಅಂತ ಎಣಿಸಿಕೋತ ಕೂಡ್ತಾರ. ಅಲ್ಲಿ ನೋಡೋದು ಸಂಬಳ ಅಲ್ರಿ, ಹುದ್ದೆ.

ನನಗ ತಿಳಿದಷ್ಟು ಹೇಳ್ತೀನಿ, ತಪ್ಪಿದ್ರ ತಿದ್ರಿ. ಅಪ್ಪ ಅಥವಾ ಅವ್ವ, ಇಬ್ಬರೊಳಗ ಒಬ್ಬರು ನೇರ ನೇಮಕಾತಿಯಿಂದ ಗ್ರೂಪ್ ಎ ಇದ್ರ ಮಕ್ಕಳು ಕೆನೆಪದರ, ಆದಾಯ ಕೇಳೋದೇ ಇಲ್ಲ. ಇಬ್ಬರೂ ನೇರ ಗ್ರೂಪ್ ಬಿ ಇದ್ರೂ ಕೆನೆಪದರ. ಅಪ್ಪ ಒಬ್ಬನೇ ಗ್ರೂಪ್ ಬಿಗೆ ನೇರ ಸೇರಿ 40 ವರ್ಷದೊಳಗ ಅಥವಾ 40ಕ್ಕ ಗ್ರೂಪ್ ಎ ಆದ್ರ ಕೆನೆಪದರ, 41ಕ್ಕ ಆದ್ರ ಅಲ್ಲ. ಗ್ರೂಪ್ ಸಿ, ಡಿ ಒಳಗಿದ್ದವರ ಮಕ್ಕಳಿಗೆ ಸಂಬಳ 12 ಲಕ್ಷ ಆದ್ರೂ ಅದರ ಮ್ಯಾಲ ಕೆನೆಪದರ ಬರೋದಿಲ್ಲ.

ಕಡತವಾಸಿ

ಸರಿಯಾಗೇ ಹೇಳಿದ್ದೀರಿ. ಗ್ರೂಪ್ ಸಿಯಲ್ಲಿ ಸೇರಿ ಬಡ್ತಿಯಿಂದ 40ರೊಳಗೆ ಗ್ರೂಪ್ ಬಿ ಆದರೂ ಕೆನೆಪದರ ಇಲ್ಲ, ಇದನ್ನೂ ಸೇರಿಸಿಕೊಳ್ಳಿ. ಇವರ ಮಟ್ಟಿಗೆ ಕೆನೆಪದರ ಬರುವುದಾದರೆ ಬಾಡಿಗೆ, ವ್ಯಾಪಾರದಂಥ ಬೇರೆ ಮೂಲದಿಂದ ಮಾತ್ರ, ಅದೂ ಮೂರು ವರ್ಷ ಸತತ 8 ಲಕ್ಷ ಮುಟ್ಟಿದರೆ.

ಅದಕ್ಕೇ ಅರ್ಜಿಯ ಜೊತೆ ಫಾರ್ಮ್ 16 ಒಂದನ್ನೇ ಕೊಟ್ಟರೆ ಸಾಲದು. ಅದರಲ್ಲಿ ಮೊತ್ತ ಮಾತ್ರ ಕಾಣುತ್ತದೆ, ಮೊತ್ತ ನೋಡಿ ಗುಮಾಸ್ತರು ಬೆಚ್ಚುತ್ತಾರೆ. ಕಚೇರಿಯಿಂದ ಒಂದು ಪತ್ರ ಮಾಡಿಸಿ: ಸೇವೆಗೆ ಸೇರಿದ ದಿನಾಂಕ, ಯಾವ ಗ್ರೂಪಿನಲ್ಲಿ, ನೇರ ನೇಮಕವೋ ಬಡ್ತಿಯೋ, ಪ್ರತಿ ಬಡ್ತಿಯ ದಿನಾಂಕ, ಜನ್ಮ ದಿನಾಂಕ, ಈಗಿನ ಗ್ರೂಪ್. ಈ ಆರು ಸಂಗತಿ ಒಂದೇ ಹಾಳೆಯಲ್ಲಿ ಇದ್ದರೆ ಮುಂದೆ ವಾದಕ್ಕೆ ಎಡೆಯಿಲ್ಲ.

ಬ್ಯಾಂಕು ಮತ್ತು ಸಾರ್ವಜನಿಕ ಉದ್ಯಮಗಳಲ್ಲಿ ಗ್ರೂಪ್ ಎ, ಬಿ ಎಂದು ಇರುವುದಿಲ್ಲವಲ್ಲ, ಅದಕ್ಕೆ 2017ರಲ್ಲಿ ಸಮೀಕರಣ ಮಾಡಿದರು. ಬ್ಯಾಂಕಿನಲ್ಲಿ ಸ್ಕೇಲ್ 1 ಅಧಿಕಾರಿ ಮತ್ತು ಮೇಲಿನವರು ಗ್ರೂಪ್ ಎಗೆ ಸಮ, ಕ್ಲರ್ಕು ಮತ್ತು ಪ್ಯೂನು ಗ್ರೂಪ್ ಸಿಗೆ ಸಮ. ಕೇಂದ್ರದ ಉದ್ಯಮಗಳಲ್ಲಿ ಎಕ್ಸಿಕ್ಯುಟಿವ್ ದರ್ಜೆಯವರು ಗ್ರೂಪ್ ಎಗೆ ಸಮ, ಆದರೆ ಅವರ ಆದಾಯ 8 ಲಕ್ಷದೊಳಗಿದ್ದರೆ ಬಿಡುಗಡೆ.

ಓದುಮನೆ

ಚಾಕಣದ ಖಾಸಗಿ ಕಾರ್ಖಾನೆಯಲ್ಲಿ ತಂದೆಗೆ 11 ಲಕ್ಷ ಸಂಬಳ. ಸಂಬಳ ಕೂಡಿಸಬಾರದು ಅಂದಿರಲ್ಲ, ಹಾಗಾದರೆ ಇವರೂ ಪಾರೇ?

ಕಡತವಾಸಿ

ಅಲ್ಲ. ಸಮೀಕರಣ ಆಗದ ಉದ್ಯೋಗಗಳಿಗೆ 2004ರ ಸ್ಪಷ್ಟೀಕರಣದ 9ನೇ ಪ್ಯಾರಾ ಬೇರೆ ದಾರಿ ಹಾಕಿದೆ. ಅಲ್ಲಿ ಸಂಬಳವನ್ನು ಒಂದು ಕಡೆ, ಬೇರೆ ಮೂಲದ ಆದಾಯವನ್ನು ಇನ್ನೊಂದು ಕಡೆ ಇಡುತ್ತಾರೆ. ಎರಡರಲ್ಲಿ ಯಾವುದಾದರೂ ಒಂದು ತಾನೊಂದೇ ಮೂರು ವರ್ಷ ಮಿತಿ ದಾಟಿದರೆ ಕೆನೆಪದರ. ಸಂಬಳ 7, ಬಾಡಿಗೆ 3 ಇದ್ದರೆ ಎರಡೂ ಒಳಗಿವೆ, ಅರ್ಹ. ಸಂಬಳ 11 ಎಂದರೆ ಆ ಪ್ಯಾರಾದ ಪ್ರಕಾರ ಅದೊಂದೇ ಸಾಕು, ಅನರ್ಹ.

ಗ್ರೂಪ್ ಸಿ ನೌಕರನ 12 ಲಕ್ಷ ಸಂಬಳಕ್ಕೆ ಇಲ್ಲದ ಅಡ್ಡಿ ಕಾರ್ಖಾನೆಯ ಕೆಲಸಗಾರನ 9 ಲಕ್ಷಕ್ಕೆ ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮದ್ರಾಸ್ ಹೈಕೋರ್ಟು 2017ರಲ್ಲಿ ಈ ತಾರತಮ್ಯದ ವಿರುದ್ಧ ಅಭ್ಯರ್ಥಿಯ ಪರ ತೀರ್ಪು ಕೊಟ್ಟಿತು. ನನ್ನ ಅಭಿಪ್ರಾಯದಲ್ಲೂ ಆ ಪ್ಯಾರಾ 1993ರ ಮೂಲ ಆದೇಶಕ್ಕೆ ಹೊಂದುವುದಿಲ್ಲ. ಖಾಸಗಿ ಸಂಬಳದವರ ಮಕ್ಕಳು ಅರ್ಜಿ ಹಾಕುವ ಹೊತ್ತಿಗೆ ಜಾರಿಯಲ್ಲಿರುವ ಕೋರ್ಟು ಆದೇಶ ಮತ್ತು ಇಲಾಖೆಯ ಸುತ್ತೋಲೆ ಎರಡನ್ನೂ ನೋಡಿಯೇ ಮುಂದುವರಿಯಿರಿ.

ಡೊಂಬಿವಲಿ_ಲೋಕಲ್

ಲೆಕ್ಕ ತಿಳಿಯಿತು. ಈಗ ಕಾಗದ. ಮಗಳು ಹುಟ್ಟಿ ಬೆಳೆದದ್ದು ಇಲ್ಲೇ. ಸರ್ಟಿಫಿಕೇಟು ಕುಂದಾಪುರದ್ದೋ, ಕಲ್ಯಾಣದ್ದೋ?

ಮೂರನೇ_ಪ್ಲಾಟ್‌ಫಾರ್ಮ್

ಯಾವ ಸರ್ಕಾರದ ಕೆಲಸ ಎನ್ನುವುದರ ಮೇಲೆ ನಿಂತಿದೆ ಮಾರಾಯ್ರೆ.

ಕೇಂದ್ರದ ಕೆಲಸಕ್ಕೆ ತಂದೆಯ ಮೂಲ ರಾಜ್ಯವೇ ಮಗಳ ರಾಜ್ಯ. ಕೇಂದ್ರದ ಒಬಿಸಿ ಪಟ್ಟಿಯ ಕರ್ನಾಟಕ ಭಾಗದಲ್ಲಿ ಜಾತಿ ಇದ್ದರೆ ಸಾಕು, ಮುಂಬೈಯಲ್ಲಿ ಹುಟ್ಟಿದ್ದು ಅಡ್ಡಿಯಲ್ಲ. ನಾಡಕಚೇರಿಯಲ್ಲಿ ಕೇಂದ್ರದ ಒಬಿಸಿ ಪ್ರಮಾಣಪತ್ರಕ್ಕೇ ಅರ್ಜಿ ಹಾಕಬೇಕು. ಅಲ್ಲಿ ಮಾಮೂಲಾಗಿ ಕೊಡುವ ಜಾತಿ-ಆದಾಯ ಪತ್ರ ರಾಜ್ಯದ್ದು, ಅದು ಬೇರೆ. ಕೈಗೆ ಬಂದ ಕಾಗದದ ಕೊನೆಯ ಪ್ಯಾರಾ ಓದಿ. "36012/22/93-ಎಸ್ಟ.(ಎಸ್‌ಸಿಟಿ), ದಿನಾಂಕ 8.9.1993" ಎಂಬ ಆದೇಶದ ಅನುಸೂಚಿಯ 3ನೇ ಕಾಲಮ್ಮಿನ ಕೆನೆಪದರಕ್ಕೆ ಈ ವ್ಯಕ್ತಿ ಸೇರಿಲ್ಲ ಎಂಬ ಸಾಲು ಇರಬೇಕು. ಆ ಸಾಲು ಇಲ್ಲದಿದ್ದರೆ ಎಷ್ಟು ದೊಡ್ಡ ಮೊಹರಿದ್ದರೂ ಕೇಂದ್ರದ ನೇಮಕಾತಿಗೆ ನಡೆಯುವುದಿಲ್ಲ.

ಅರ್ಜಿ ಹೆಚ್ಚಾಗಿ ನಿಲ್ಲುವುದು ಗ್ರಾಮ ಲೆಕ್ಕಿಗರ ವಿಚಾರಣೆಯಲ್ಲಿ, "ಇವರು ಊರಲ್ಲಿ ವಾಸವಿಲ್ಲ" ಎಂಬ ಷರಾದ ಮೇಲೆ. ಅದಕ್ಕೆ ತಂದೆ ಊರಿನ ಶಾಲೆಯಲ್ಲಿ ಓದಿದ ಟಿಸಿ, ಅದರಲ್ಲಿ ಜಾತಿಯ ನಮೂದು, ಅಜ್ಜನ ಹೆಸರಿನ ಪಹಣಿ, ತಂದೆಯ ಹಳೇ ಜಾತಿ ಪತ್ರ, ಮಗಳ ಜನನ ಪತ್ರ ಇಷ್ಟನ್ನು ಒಟ್ಟಿಗೆ ಕೊಡಬೇಕು. ಮುಂಬೈಯ ರಿಟರ್ನು ಮೂರು ವರ್ಷದ್ದು, ತಾಯಿಯ ಕಚೇರಿ ಪತ್ರ ಮೇಲೆ ಹೇಳಿದ ಹಾಗೆ.

ಜಾತಿಯ ಹೆಸರಿನ ಅಕ್ಷರ! ಬ್ಯಾಂಕ್ ನೇಮಕಾತಿ ಪ್ರಕಟಣೆಗಳಲ್ಲಿ ಕೇಂದ್ರ ಪಟ್ಟಿಯ ಹೆಸರಿನೊಂದಿಗೆ ಅಕ್ಷರ ಅಕ್ಷರ ತಾಳೆಯಾಗಬೇಕು ಎಂದೇ ಇರುತ್ತದೆ. ಶಾಲೆಯ ದಾಖಲೆಯಲ್ಲಿ ಒಂದು, ಮನೆಯಲ್ಲಿ ಕರೆಯುವುದು ಒಂದು, ಪಟ್ಟಿಯಲ್ಲಿ ಮತ್ತೊಂದು ಇರುವುದು ನಮ್ಮಲ್ಲಿ ಸಾಮಾನ್ಯ. ಅರ್ಜಿ ತುಂಬುವಾಗ ಹಿಂದುಳಿದ ವರ್ಗಗಳ ರಾಷ್ಟ್ರೀಯ ಆಯೋಗದ ಜಾಲತಾಣದ ಕರ್ನಾಟಕ ಪಟ್ಟಿ ತೆರೆದಿಟ್ಟುಕೊಂಡು, ಇಂಗ್ಲಿಷ್ ಸ್ಪೆಲ್ಲಿಂಗ್ ಅಲ್ಲಿದ್ದಂತೆಯೇ ಬರೆಸಿ.

ಮಹಾರಾಷ್ಟ್ರ ಸರ್ಕಾರದ ಕೆಲಸ ಎಂದರೆ ಕಥೆ ಬೇರೆ. ಜಾತಿ ಮಹಾರಾಷ್ಟ್ರದ ಪಟ್ಟಿಯಲ್ಲಿರಬೇಕು, ಜೊತೆಗೆ ಕುಟುಂಬ ಒಬಿಸಿಗೆ 1967ರ ಅಕ್ಟೋಬರ್ 13, ವಿಮುಕ್ತ-ಅಲೆಮಾರಿ ಜಾತಿಗಳಿಗೆ 1961ರ ನವೆಂಬರ್ 21ರ ಮುಂಚಿನಿಂದ ಈ ರಾಜ್ಯದಲ್ಲಿ ಇದ್ದ ಪುರಾವೆ ಬೇಕು. ಅಜ್ಜ ಗಿರಣಿಗೆ ಬಂದವರಾದರೆ ಪುರಾವೆ ಸಿಕ್ಕೀತು, 1980ರಲ್ಲಿ ಹೋಟೆಲಿಗೆ ಬಂದವರಿಗೆ ಸಿಗುವುದಿಲ್ಲ. ಇದೇ ಪ್ರಶ್ನೆ ಪರಿಶಿಷ್ಟ ಪಂಗಡದ ವಿದ್ಯಾರ್ಥಿಯ ವಿಷಯದಲ್ಲಿ ಮುಂಬೈಯ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನ ಪ್ರವೇಶದಿಂದ ಸುಪ್ರೀಂ ಕೋರ್ಟಿಗೆ ಹೋಗಿತ್ತು. ವಲಸೆ ಬಂದ ರಾಜ್ಯದಲ್ಲಿ ಮೂಲ ರಾಜ್ಯದ ಮೀಸಲಾತಿ ಸಿಗದು ಎಂದು 1990ರಲ್ಲಿ ತೀರ್ಪಾಯಿತು.

ಪಿಂಪ್ರಿಗಾಡಿ

ಮಹಾರಾಷ್ಟ್ರದ ಕಾಗದ ಸಿಗೋ ಹಂಗಿದ್ದವರಿಗೆ ಒಂದು ಮಾತ್ರಿ. 'ಆಪಲೆ ಸರ್ಕಾರ್' ಪೋರ್ಟಲ್‌ನ್ಯಾಗ ಮೊದಲು ತಹಶೀಲ್ದಾರರಿಂದ ಮೂರು ವರ್ಷದ ಉತ್ಪನ್ನ ದಾಖಲಾ (ಆದಾಯ ಪತ್ರ) ತಗೋರಿ, ಆಮ್ಯಾಲ ನಾನ್ ಕ್ರೀಮಿಲೇಯರ್. ಉತ್ಪನ್ನ ದಾಖಲಾದಾಗ ಎಲ್ಲಾ ಕೂಡಿಸಿ ಒಂದೇ ಅಂಕಿ ಬರೆದ್ರ ಮುಂದಿನ ಟೇಬಲ್‌ನವರು ಆ ಅಂಕಿ ನೋಡೇ ಫೈಲ್ ಮುಚ್ಚತಾರ. ಸಂಬಳ ಬ್ಯಾರೆ, ಶೇತಿ (ಕೃಷಿ) ಬ್ಯಾರೆ, ಉಳಿದದ್ದು ಬ್ಯಾರೆ ಅಂತ ಬಿಡಿಸಿ ಬರೆಸ್ಕೋರಿ. ಆ ಸರ್ಟಿಫಿಕೇಟಿನ ಗಡುವು ಮಾರ್ಚ್ 31ಕ್ಕ ಮುಗಿಯೋದು, ಅದನ್ನ ಮರೀಬ್ಯಾಡ್ರಿ. ಎಪ್ರಿಲ್‌ನ್ಯಾಗ ಜಾಹೀರಾತು ಬಂದಾಗ ಓಡಾಡಿದ್ರ ಸರದಿ ಸಿಗೋದಿಲ್ಲ. ಒಬಿಸಿ ಅಷ್ಟೇ ಅಲ್ಲ, ವಿಮುಕ್ತ-ಅಲೆಮಾರಿ ಜಾತಿಯ ವಿಜೆ-ಎನ್‌ಟಿ, ಎಸ್‌ಬಿಸಿಗೂ (ವಿಶೇಷ ಹಿಂದುಳಿದ ವರ್ಗ) ಇಲ್ಲಿ ನಾನ್ ಕ್ರೀಮಿಲೇಯರ್ ಬೇಕು. ರಾಜ್ಯದ ಹುದ್ದೆಗೆ ಜಾತಿ ವೈಧತಾ (ಸಿಂಧುತ್ವ) ಪತ್ರಾನೂ ಬೇಕು.

ವಾಸ್ಕೊ_ಕಡಲು

ಗೋವಾದ ಮಾತು ಚಿಕ್ಕದಾಗಿ. ರಾಜ್ಯ ಸರ್ಕಾರದ ಹುದ್ದೆಗೆ 15 ವರ್ಷದ ವಾಸ ಪ್ರಮಾಣಪತ್ರ, ಕೊಂಕಣಿ ಜ್ಞಾನ ಎರಡೂ ಕೇಳುತ್ತಾರೆ, ಮೇಲೆ ಜಾತಿ ಗೋವಾದ ಪಟ್ಟಿಯಲ್ಲಿರಬೇಕು. ಹಾಗಾಗಿ ವಾಸ್ಕೊ, ಜುವಾರಿನಗರದ ನಮ್ಮ ಹುಡುಗರಿಗೆ ಹತ್ತಿರದ ದಾರಿ ಕೇಂದ್ರದ್ದೇ: ಬಂದರು, ಶಿಪ್‌ಯಾರ್ಡ್, ರೈಲ್ವೆ, ಅಂಚೆ. ಅದಕ್ಕೆ ಊರಿನ ತಹಶೀಲ್ದಾರರ ಕೇಂದ್ರ ನಮೂನೆಯ ಪತ್ರ.

ಪರಿಶಿಷ್ಟ ಜಾತಿಯವರಿಗೂ ಒಂದು ಸ್ಪಷ್ಟನೆ, ಇಲ್ಲಿ ಬಹಳ ಜನ ಕೇಳುತ್ತಾರೆ. ಎಸ್‌ಸಿ, ಎಸ್‌ಟಿಗೆ ಸರ್ಕಾರಿ ಕೆಲಸದ ಮೀಸಲಾತಿಯಲ್ಲಿ ಆದಾಯದ ಮಿತಿ ಇಲ್ಲ. 2.5 ಲಕ್ಷದ ಮಿತಿ ಇರುವುದು ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ. ಆ ಆದಾಯ ಪತ್ರ ಹಿಡಿದು ಕೆಲಸದ ಅರ್ಜಿಯಿಂದ ಯಾರೂ ಹಿಂದೆ ಸರಿಯಬೇಡಿ.

ಓದುಮನೆ

ಬಂಟರು, ಇನ್ನೂ ಕೆಲವು 3ಎ, 3ಬಿ ಜಾತಿಯವರು ರಾಜ್ಯದಲ್ಲಿ ಹಿಂದುಳಿದ ವರ್ಗ, ಕೇಂದ್ರದ ಪಟ್ಟಿಯಲ್ಲಿ ಇಲ್ಲ. ಇವರು ಆರ್ಥಿಕವಾಗಿ ದುರ್ಬಲರ ಮೀಸಲಾತಿಯಾದ ಇಡಬ್ಲ್ಯೂಎಸ್‌ಗೆ ಹೋಗಬಹುದೇ? ಅಲ್ಲೂ 8 ಲಕ್ಷವೇ ಅಲ್ಲವೇ?

ಲೆಕ್ಕಪತ್ರ

ಕೇಂದ್ರದ ಕೆಲಸಕ್ಕೆ ಹೋಗಬಹುದು. ಆದರೆ ಅಂಕಿ ಒಂದೇ ಎಂದು ಲೆಕ್ಕವೂ ಒಂದೇ ಎಂದುಕೊಂಡರೆ ಕೆಟ್ಟಿರಿ. ಒಬಿಸಿಯಲ್ಲಿ ಬಿಟ್ಟದ್ದೆಲ್ಲ ಇಲ್ಲಿ ಸೇರುತ್ತದೆ: ಸಂಬಳ, ಗದ್ದೆ, ವ್ಯಾಪಾರ ಎಲ್ಲ ಒಟ್ಟಿಗೆ. ತಂದೆ-ತಾಯಿಯ ಜೊತೆ ಅಭ್ಯರ್ಥಿಯ ಸ್ವಂತ ಆದಾಯ, ಗಂಡ ಅಥವಾ ಹೆಂಡತಿಯದ್ದು, 18ರೊಳಗಿನ ಒಡಹುಟ್ಟಿದವರದ್ದು, ಮಕ್ಕಳದ್ದು. ಮೂರು ವರ್ಷವಲ್ಲ, ಅರ್ಜಿಯ ಹಿಂದಿನ ಒಂದೇ ಆರ್ಥಿಕ ವರ್ಷ.

ಆದಾಯ 3 ಲಕ್ಷವೇ ಇದ್ದರೂ ಆಸ್ತಿ ನೋಡುತ್ತಾರೆ. 5 ಎಕರೆ ಕೃಷಿಭೂಮಿ, 1000 ಚದರಡಿಯ ವಾಸದ ಫ್ಲ್ಯಾಟು, ಅಧಿಸೂಚಿತ ಮುನ್ಸಿಪಾಲಿಟಿಯಲ್ಲಿ 100 ಚದರ ಗಜದ ವಾಸದ ನಿವೇಶನ, ಉಳಿದೆಡೆ 200 ಚದರ ಗಜ: ಇವುಗಳಲ್ಲಿ ಯಾವುದಾದರೂ ಒಂದು ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ಅಳತೆಯಲ್ಲಿ ಇದ್ದರೆ ಅನರ್ಹ. ಊರಿನದ್ದೂ ಮುಂಬೈಯದ್ದೂ ಬೇರೆ ಬೇರೆ ಎಂದು ಬಿಡುವುದಿಲ್ಲ, ಕುಟುಂಬದ ಆಸ್ತಿ ಒಟ್ಟು ಸೇರಿಸುತ್ತಾರೆ. ಮುಂಬೈಯ ಮನೆ 450 ಚದರಡಿ ಇದ್ದರೂ ಊರಿನ ಜಮೀನು 5 ಎಕರೆ ಮುಟ್ಟಿದರೆ ಅಲ್ಲಿಗೆ ಮುಗಿಯಿತು.

ಮೂರನೇ_ಪ್ಲಾಟ್‌ಫಾರ್ಮ್

ಒಬಿಸಿಯಲ್ಲೂ ಜಮೀನಿಗೆ ಒಂದು ಮಿತಿ ಇದೆ, ಹುಟ್ಟುವಳಿಗಲ್ಲ, ವಿಸ್ತೀರ್ಣಕ್ಕೆ. ತಂದೆ, ತಾಯಿ, ಅಪ್ರಾಪ್ತ ಮಕ್ಕಳ ಹೆಸರಿನ ನೀರಾವರಿ ಭೂಮಿ ಆ ರಾಜ್ಯದ ಭೂಮಿತಿಯ (ಕಾನೂನು ಒಪ್ಪುವ ಗರಿಷ್ಠ ಜಮೀನು) 85 ಶೇಕಡ ಮುಟ್ಟಿದರೆ ಕೆನೆಪದರ. ಪೂರ್ತಿ ಮಳೆಯಾಶ್ರಿತವಾದರೆ ಈ ನಿಯಮ ತಾಗುವುದಿಲ್ಲ. ಕಾಫಿ, ಟೀ, ರಬ್ಬರ್ ತೋಟಕ್ಕೆ ಭೂಮಿಯ ಅಳತೆ ಇಲ್ಲ, 8 ಲಕ್ಷದ ಆದಾಯದ ಅಳತೆಯೇ. ಒಂದು ಎಕರೆ ಗದ್ದೆಯವರು ಇದನ್ನು ಓದಿ ಮರೆತರೂ ನಡೆಯುತ್ತದೆ.

ಡೊಂಬಿವಲಿ_ಲೋಕಲ್

ಕೊನೆಯದು. ತಾರೀಖು. ಹೋದ ವರ್ಷದ ಕೇಂದ್ರ ನಮೂನೆಯ ಪತ್ರ ಈ ಸಲ ನಡೆದೀತೇ?

ಕಡತವಾಸಿ

ಜಾತಿ ಬದಲಾಗುವುದಿಲ್ಲ, ಕೆನೆಪದರದ ಸ್ಥಿತಿ ವರ್ಷ ವರ್ಷ ಬದಲಾದೀತು. ಅದಕ್ಕೇ ಪತ್ರ ಎಷ್ಟು ಹೊಸದಿರಬೇಕು ಎಂಬುದನ್ನು ಪ್ರತಿ ನೇಮಕಾತಿಯ ಪ್ರಕಟಣೆಯೇ ಹೇಳುತ್ತದೆ. ಹೋದ ಸಲದ್ದನ್ನು ನಂಬಿ ಕೂರಬೇಡಿ. ಆಕೆಯ ಸ್ಥಿತಿಯನ್ನು ನೋಡುವುದು ಅರ್ಜಿಯ ಕೊನೆಯ ದಿನಕ್ಕೆ. ಸುರಕ್ಷಿತ ಕ್ರಮ ಎಂದರೆ ಮಾರ್ಚ್ 31ಕ್ಕೆ ಆರ್ಥಿಕ ವರ್ಷ ಮುಗಿದ ಮೇಲೆ, ಹಿಂದಿನ ಮೂರು ವರ್ಷದ ಆದಾಯದ ಮೇಲೆ ಎಪ್ರಿಲ್-ಮೇ ತಿಂಗಳಲ್ಲೇ ಹೊಸ ಪತ್ರ ಮಾಡಿಸಿಡುವುದು. ತಂದೆಯ ರಿಟರ್ನು ಜುಲೈಯವರೆಗೆ ಕಾಯಬೇಡಿ, ಆ ವರ್ಷದ್ದನ್ನು ಎಪ್ರಿಲಿನಲ್ಲೇ ಲೆಕ್ಕ ಮಾಡಿ ಸಲ್ಲಿಸಿಬಿಡಿ. ಅಷ್ಟರಲ್ಲಿ ಆ ವರ್ಷದ ಫಾರ್ಮು ಪೋರ್ಟಲಿನಲ್ಲಿ ಬಂದಿರದಿದ್ದರೆ ಲೆಕ್ಕಪರಿಶೋಧಕರಿಂದ ಆದಾಯದ ವಿವರ ಬರೆಸಿಕೊಳ್ಳಿ.

ಪರಿಶೀಲನೆಯ ದಿನ ಈ ಕ್ರಮದಲ್ಲಿ ಜೋಡಿಸಿಕೊಂಡು ಹೋಗಲಿ: ಮೇಲೆ ಕೇಂದ್ರ ನಮೂನೆಯ ಪತ್ರ, ಕೆಳಗೆ ಕೆನೆಪದರಕ್ಕೆ ಸೇರಿಲ್ಲವೆಂಬ ಸ್ವಯಂ ಘೋಷಣೆ, ತಾಯಿಯ ಕಚೇರಿ ಪತ್ರ, ತಂದೆಯ ಮೂರು ರಿಟರ್ನು, ತಂದೆಯ ಟಿಸಿ. ಹತ್ತನೇ ಕ್ಲಾಸಿನ ಅಂಕಪಟ್ಟಿಯಲ್ಲಿ ಆಕೆಯ ಹೆಸರು ಹೇಗಿದೆಯೋ ಹಾಗೇ ಜಾತಿ ಪತ್ರದಲ್ಲೂ ಇರಲಿ. ಮಹಾರಾಷ್ಟ್ರದ ಶಾಲೆಗಳಲ್ಲಿ ಅಡ್ಡಹೆಸರು ಮೊದಲು, ತಂದೆಯ ಹೆಸರು ನಡುವೆ ಬರೆಯುತ್ತಾರೆ, ಕುಂದಾಪುರದಲ್ಲಿ ಇನಿಶಿಯಲ್ ಹಾಕುತ್ತಾರೆ. ಅರ್ಜಿ ಹಾಕುವಾಗಲೇ ಅಂಕಪಟ್ಟಿಯ ಪ್ರತಿ ತೋರಿಸಿ ಹೆಸರನ್ನು ಪೂರ್ತಿ ಬಿಡಿಸಿ ಬರೆಸಿ.

ಡೊಂಬಿವಲಿ_ಲೋಕಲ್

ಆಯ್ತು. ರಿಟರ್ನಿನಲ್ಲಿ ನೋಡಿದರೆ 2023-24ರ ಮೊತ್ತ ಬಾಡಿಗೆ ಸೇರಿ 7.62 ಲಕ್ಷ ಇದೆ. ಗಣಪತಿಗೆ ಊರಿಗೆ ಹೋಗುವಾಗ ತಂದೆಯ ಟಿಸಿ ಹಿಡಿದು ನಾಡಕಚೇರಿಗೆ ಹೋಗಲು ಹೇಳುತ್ತೇನೆ.

ಕಡತವಾಸಿ

ಗಣಪತಿಯವರೆಗೆ ಯಾಕೆ? ಅರ್ಜಿ ಆನ್‌ಲೈನಿನಲ್ಲಿ ಈಗಲೇ ಹಾಕಿ ಸಂಖ್ಯೆ ತೆಗೆದಿಟ್ಟುಕೊಳ್ಳಿ, ಸಿಜಿಎಲ್‌ನ ಕೊನೆಯ ದಿನ ನಮಗಾಗಿ ಕಾಯುವುದಿಲ್ಲ. ವಿಚಾರಣೆಗೆ ಕರೆದಾಗ ಊರಲ್ಲಿರುವ ಚಿಕ್ಕಪ್ಪನೋ ದೊಡ್ಡಪ್ಪನೋ ಟಿಸಿಯ ಮೂಲಪ್ರತಿ ತೋರಿಸಿದರೂ ಆದೀತು.